ಬೋವಾ ಹಾವಿನ ಸಂತಾನ: ಸಾಕಣೆಯ ಏಳುಬೀಳು

ಹಾವೆಂದರೆ ಮೊಟ್ಟೆಯಿಡುವ ಪ್ರಾಣಿಯೆಂಬ ಭಾವನೆ ನಮ್ಮಲ್ಲಿ ಸಾಮಾನ್ಯವಾಗಿದೆ. ನಾಗರಹಾವು, ಕೇರೆಹಾವು, ಹೆಬ್ಬಾವು ಇವೆಲ್ಲ ಮೊಟ್ಟೆಯಿಡುವುವೆಂಬುದು ನಿಜ. ಆದರೆ ನಮ್ಮ ಹೊಲಗದ್ದೆಗಳಲ್ಲಿಯೇ ಇರುವ ಕೊಳಕುಮಂಡಲ ಮರಿಗಳನ್ನೇ ಹಾಕುತ್ತದೆ. ಬಾಲವೂ ತಲೆಯಂತೆಯೇ ಮೊಂಡಾಗಿರುವುದರಿಂದ ಎರಡು ತಲೆಯ ಹಾವೆಂದು ಜನರು ಕರೆಯುವ ಮಣ್ಣುಮುಕ್ಕವೂ ಹಾಗೆಯೇ. ಈ ಮಣ್ಣುಮುಕ್ಕದ ದೂರದ ದಾಯಾದಿಯೊಂದು ಅಮೆರಿಕ ಖಂಡದ ಉಷ್ಣಪ್ರದೇಶಗಳಲ್ಲಿ, ಮೆಕ್ಸಿಕೋ ದೇಶದಿಂದ ಆರ್ಜೆಂಟೀನದವರೆಗೆ ವಾಸವಾಗಿದೆ. ಅದೇ ಬೋವಾ ಕನ್‌ಸ್ಟ್ರಿಕ್ಟರ್.

1758ರಲ್ಲಿ ಲಿನ್ನೇಯಸನು ಈ ಹಾವಿಗೆ ಇಟ್ಟ ಶಾಸ್ತ್ರೀಯ ನಾಮವೇ ಜನರ ಬಾಯಲ್ಲಿಯೂ ನಿಂತಿತು. ಅಂತಹ ಭಾಗ್ಯ ಪಡೆದ ಪ್ರಾಣಿಗಳು ವಿರಳ. ಎರೆಯನ್ನು ಸುತ್ತಿ ಬಿಗಿದು ಕೊಲ್ಲುವುದೆಂಬ ಅರ್ಥ ಆ ಹೆಸರಿನಲ್ಲಿಯೇ ಅಡಗಿದೆ. ಇದಕ್ಕೆ ವಿಷವಿಲ್ಲ. ಬೆಳೆದ ಹಾವು ಸಾಮಾನ್ಯವಾಗಿ ಎರಡರಿಂದ ಮೂರು ಮೀಟರ್ ಉದ್ದವಿರುತ್ತದೆ. ಹೆಣ್ಣು ಗಂಡಿಗಿಂತ ದೊಡ್ಡದು. ಮಧ್ಯ ಅಮೆರಿಕದ ಬೋವಾಗಳನ್ನು ಇಂದಿನ ಪ್ರಾಣಿಶಾಸ್ತ್ರಜ್ಞರು ಬೋವಾ ಇಂಪರೇಟರ್ ಎಂಬ ಬೇರೆ ಜಾತಿಯೆಂದು ಎಣಿಸುತ್ತಾರೆ. ನಾವು ಇಲ್ಲಿ ಎರಡನ್ನೂ ಬೋವಾ ಎಂದೇ ಕರೆಯೋಣ.

ಉತ್ತರ ಅಮೆರಿಕ ಮತ್ತು ಯೂರೋಪುಗಳಲ್ಲಿ ಈ ಹಾವನ್ನು ಮನೆಗಳಲ್ಲಿ ಸಾಕುವ ಹವ್ಯಾಸವುಂಟು. 1989ರಿಂದ 2000ದವರೆಗೆ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಬೋವಾಗಳು ಹೊರದೇಶಗಳಿಂದ ಬಂದವು. ಇದರ ಜೊತೆಗೆ, ಪಂಜರದಲ್ಲಿಯೇ ಅವುಗಳ ಸಂತಾನವನ್ನು ಪಡೆಯುವ ವಿದ್ಯೆಯೂ ಬೆಳೆಯಿತು. ಈ ವಿದ್ಯೆಯಲ್ಲಿ ಒಂದು ವರ್ಷ ಮೂವತ್ತು ಮರಿಗಳ ಸಂಭ್ರಮವಾದರೆ, ಮರುಬಾರಿ ಒಂದೂ ಮರಿಯಿಲ್ಲದ ನಿರಾಶೆಯಾಗಬಹುದು. ಹೀಗೇಕೆಂಬುದನ್ನು ವಿಚಾರಿಸಿದರೆ, ಹಾವು ಮರಿಹಾಕುವ ಕ್ರಮದ ಲಾಭನಷ್ಟಗಳೆರಡೂ ನಮಗೆ ತಿಳಿಯುತ್ತವೆ.

ಕೃತಕ ಋತು

ಕಾಡಿನಲ್ಲಿ ಋತುಮಾನವೇ ಹಾವುಗಳನ್ನು ಕೂಡಿಸುತ್ತದೆ. ಪಂಜರದಲ್ಲಿ ಆ ಋತುವನ್ನು ಮನುಷ್ಯನೇ ಕಲ್ಪಿಸಬೇಕು. ಸಾಮಾನ್ಯ ಕಾಲದಲ್ಲಿ ಪಂಜರದ ಒಂದು ಮೂಲೆಯಲ್ಲಿ ಸುಮಾರು 31 ಡಿಗ್ರಿ ಸೆಂಟಿಗ್ರೇಡ್ ಉಷ್ಣಮಾನವಿದ್ದು, ಇನ್ನೊಂದು ಮೂಲೆ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪಾಗಿರುತ್ತದೆ. ಚಳಿಗಾಲ ಸಮೀಪಿಸಿದಂತೆ ಸಾಕುವವರು ರಾತ್ರಿಯ ಉಷ್ಣಮಾನವನ್ನು ಮಾತ್ರ ಕೆಲವು ವಾರಗಳ ಕಾಲ 22 ಡಿಗ್ರಿಯ ಸುಮಾರಿಗೆ ಇಳಿಸುತ್ತಾರೆ, ಆಹಾರವನ್ನು ಕಡಿಮೆಮಾಡುತ್ತಾರೆ. ಬಳಿಕ ಗಂಡನ್ನು ಹೆಣ್ಣಿನ ಪಂಜರಕ್ಕೆ ಬಿಡುತ್ತಾರೆ.

ಬೋವಾದ ಗುದದ್ವಾರದ ಎರಡು ಪಕ್ಕಗಳಲ್ಲಿ ಚಿಕ್ಕ ಉಗುರಿನಂತಹ ಮುಳ್ಳುಗಳಿವೆ. ಹಾವುಗಳ ಪೂರ್ವಜರಿಗಿದ್ದ ಹಿಂಗಾಲುಗಳ ಅವಶೇಷಗಳಿವು. ಗಂಡಿನಲ್ಲಿ ಇವು ದೊಡ್ಡವು. ಹೆಣ್ಣಿನ ಮೈಮೇಲೆ ಹರಿಯುತ್ತ, ಈ ಮುಳ್ಳುಗಳಿಂದ ಅದನ್ನು ಮೆಲ್ಲನೆ ಕೆರೆದು ಗಂಡು ಮಿಲನಕ್ಕೆ ಒಲಿಸುತ್ತದೆ. ನಡೆಯಲಾರದ ಕಾಲು ಹೀಗೆ ಬೇರೊಂದು ಕೆಲಸಕ್ಕೆ ಒದಗಿರುವುದು ಸ್ವಾರಸ್ಯದ ಸಂಗತಿ.

ಮಿಲನವಾದ ಮಾತ್ರಕ್ಕೆ ಗರ್ಭ ನಿಂತಿತೆಂದು ಹೇಳುವಂತಿಲ್ಲ. ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದಲ್ಲಿ ಬಹುಕಾಲ ಜೀವದಿಂದಿದ್ದು ಅಂಡಗಳಿಗಾಗಿ ಕಾಯಬಲ್ಲವು. ಅಂಡಗಳು ಬಿಡುಗಡೆಯಾಗುವಾಗ ಹೆಣ್ಣಿನ ನಡುಮೈ, ದೊಡ್ಡ ಇಲಿಯನ್ನು ನುಂಗಿದಂತೆ, ಸ್ವಲ್ಪ ಕಾಲ ಉಬ್ಬಿ ಕಾಣುತ್ತದೆ. ಆ ಬಳಿಕ ಕೆಲವು ವಾರಗಳಲ್ಲಿ ಅದು ಪೊರೆ ಬಿಡುತ್ತದೆ. ಅನುಭವಿಗಳಿಗೆ ಈ ಪೊರೆಯೇ ಪಂಚಾಂಗ. ಅಂದಿನಿಂದ ಸುಮಾರು 100ರಿಂದ 120 ದಿನಗಳಲ್ಲಿ ಹೆರಿಗೆಯನ್ನು ನಿರೀಕ್ಷಿಸಬಹುದು.

ಮೊದಲ ಸೋಲು ಬರುವುದು ಇಲ್ಲಿಯೇ. ಹೆಣ್ಣು ಮೂರುನಾಲ್ಕು ವರ್ಷ ಬೆಳೆದು ಗಟ್ಟಿಮುಟ್ಟಾಗಿರಬೇಕು. ಬೇಗ ಫಲ ಪಡೆಯುವ ಆತುರದಿಂದ ಅದಕ್ಕೆ ಮಿತಿಮೀರಿ ಇಲಿಗಳನ್ನು ತಿನ್ನಿಸಿದರೆ ಮೈಯಲ್ಲಿ ಕೊಬ್ಬು ತುಂಬುತ್ತದೆಯೇ ಹೊರತು ಸಂತಾನಶಕ್ತಿ ಹೆಚ್ಚುವುದಿಲ್ಲ.

ಒಡಲೇ ಗೂಡು

ಹೆಬ್ಬಾವನ್ನು ಸಾಕಿದವರಿಗೆ ಒಂದು ಅನುಕೂಲವಿದೆ. ಅದು ಮೊಟ್ಟೆಗಳನ್ನಿಟ್ಟು ಸುತ್ತಿಕೊಂಡು ಮಲಗುತ್ತದೆ. ಮಾಂಸಖಂಡಗಳನ್ನು ನಡುಗಿಸಿ ತನ್ನ ಮೈಯನ್ನು ಬಿಸಿಮಾಡಿಕೊಂಡು ಕಾವು ಕೊಡುತ್ತದೆ. ನ್ಯೂಯಾರ್ಕಿನ ಮೃಗಾಲಯದಲ್ಲಿ ಒಂದು ಹೆಬ್ಬಾವಿನ ಮೇಲೆ ನಡೆಸಿದ ಅಳತೆಗಳಿಂದ ಇದು 1966ರಲ್ಲಿ ದೃಢಪಟ್ಟಿತು. ಸಾಕಿದವನು ಬೇಕೆಂದರೆ ಆ ಮೊಟ್ಟೆಗಳನ್ನು ತೆಗೆದು ಕಾವುಪೆಟ್ಟಿಗೆಯಲ್ಲಿಡಬಹುದು. ದೀಪಕ್ಕೆ ಹಿಡಿದು, ಜೀವವಿದ್ದುದಾವುದು, ಜೊಳ್ಳಾವುದು ಎಂದು ನೋಡಬಹುದು.

ಬೋವಾದಲ್ಲಿ ಈ ಸೌಕರ್ಯಗಳು ಯಾವುವೂ ಇಲ್ಲ. ಅಂಡಗಳಿಗೆ ಗಟ್ಟಿ ಚಿಪ್ಪು ಬೆಳೆಯುವುದಿಲ್ಲ. ತೆಳ್ಳನೆಯ ಪೊರೆಯೊಳಗೆ, ತಾಯಿಯ ಒಡಲಿನಲ್ಲಿಯೇ ಮರಿಗಳು ರೂಪುಗೊಳ್ಳುತ್ತವೆ. ಮರಿಗೆ ಮುಖ್ಯ ಆಹಾರ ಅಂಡದ ಹಳದಿ ಭಂಡಾರವೇ ಆದರೂ, ಪ್ರಾಣವಾಯುವೂ ನೀರೂ ತಾಯಿಯ ರಕ್ತದಿಂದ ಆ ಪೊರೆಯ ಮೂಲಕವೇ ದೊರೆಯಬೇಕು. ಕಾವುಪೆಟ್ಟಿಗೆಯೂ ತಾಯಿಯೇ, ಗೂಡೂ ತಾಯಿಯೇ.

ಈ ವ್ಯವಸ್ಥೆಯಿಂದ ಕಾಡಿನಲ್ಲಿ ದೊಡ್ಡ ಲಾಭವಿದೆ. ನೆಲದಲ್ಲಿಟ್ಟ ಮೊಟ್ಟೆ ಮಳೆ, ಬಿಸಿಲು, ಕಳ್ಳಪ್ರಾಣಿಗಳಿಗೆ ತುತ್ತಾಗಬಹುದು. ಗರ್ಭಿಣಿ ಬೋವಾ ಮಾತ್ರ ತನ್ನ ಮರಿಗಳನ್ನು ಹೊತ್ತು ಬಿಸಿಲಿರುವಲ್ಲಿಗೆ ಹೋಗುತ್ತದೆ, ಬಿಸಿಲು ಹೆಚ್ಚಾದರೆ ನೆರಳಿಗೆ ಸರಿಯುತ್ತದೆ. ಪಂಜರದಲ್ಲಿಯೂ ಅದು ಇದನ್ನೇ ಬಯಸುತ್ತದೆ. ಬೆಚ್ಚನೆಯ ಮೂಲೆಯಲ್ಲಿ ದಿನಗಟ್ಟಲೆ ಮಲಗಿರುತ್ತದೆ. ಅನೇಕ ಹೆಣ್ಣುಗಳು ಹೆರಿಗೆಯವರೆಗೂ ಆಹಾರವನ್ನೇ ಮುಟ್ಟುವುದಿಲ್ಲ. ಸಾಕಿದವನು ಅದಕ್ಕೆ ಆರಿಸಿಕೊಳ್ಳಲು ಬಿಸಿ ಮತ್ತು ತಂಪಿನ ಎರಡು ಸ್ಥಳಗಳನ್ನು ಕೊಟ್ಟರೆ ಸಾಕು. ಅಷ್ಟನ್ನೂ ಕೊಡದೆ ಪಂಜರವನ್ನೆಲ್ಲ ಅತಿಯಾಗಿ ಕಾಯಿಸಿದರೆ ಇಲ್ಲವೆ ತಣ್ಣಗಿಟ್ಟರೆ, ಬೆನ್ನು ಸೊಟ್ಟಗಾದ ಮರಿಗಳೂ ಸತ್ತ ಮರಿಗಳೂ ಹುಟ್ಟುತ್ತವೆ.

ಸಾಮಾನ್ಯವಾಗಿ ಒಂದು ಹೆರಿಗೆಯಲ್ಲಿ ಇಪ್ಪತ್ತು ಮೂವತ್ತು ಮರಿಗಳಿರುತ್ತವೆ, ಅರವತ್ತರವರೆಗೂ ಹುಟ್ಟಿದ್ದುಂಟು. ಮರಿಗಳ ಜೊತೆಗೆ ಫಲಿಸದ ಅಂಡಗಳೂ ಹಳದಿ ಮುದ್ದೆಗಳಾಗಿ ಹೊರಬೀಳುವುದು ವಾಡಿಕೆ. ನಾಲ್ಕು ತಿಂಗಳು ಉಬ್ಬಿದ ಹೊಟ್ಟೆಯನ್ನು ಕಂಡು ಹಿಗ್ಗಿದವನಿಗೆ ಕೊನೆಯಲ್ಲಿ ಈ ಜೊಳ್ಳು ಮುದ್ದೆಗಳಷ್ಟೇ ದೊರೆಯುವುದೂ ಉಂಟು. ತಾಯಿಯಂತೂ ಎರಡು ಸಂದರ್ಭಗಳಲ್ಲಿಯೂ ಬಡಕಲಾಗಿರುತ್ತದೆ. ಅದು ಚೇತರಿಸಿಕೊಳ್ಳಲು ಒಂದು ವರ್ಷವಾದರೂ ಬಿಡುವು ಕೊಡುವುದು ವಿವೇಕಿಗಳ ಕ್ರಮ.

ಮರಿಗಳ ಪಾಲನೆ

ಸುಮಾರು ಒಂದೂವರೆ ಅಡಿ ಉದ್ದದ ಮರಿಗಳು ಪೊರೆಯನ್ನು ಹರಿದು ಹೊರಬಂದ ಗಳಿಗೆಯಿಂದಲೇ ಸ್ವತಂತ್ರ. ತಾಯಿ ಅವುಗಳಿಗೆ ಉಣಿಸುವುದೂ ಇಲ್ಲ, ಬೇಟೆ ಕಲಿಸುವುದೂ ಇಲ್ಲ. ಒಂದೆರಡು ವಾರಗಳಲ್ಲಿ ಮೊದಲ ಪೊರೆ ಬಿಟ್ಟ ಬಳಿಕ ಅವು ಚಿಕ್ಕ ಇಲಿಮರಿಗಳನ್ನು ನುಂಗಬಲ್ಲವು. ಕೆಲವು ಮರಿಗಳು ಆಹಾರವನ್ನು ಒಲ್ಲೆನೆನ್ನುತ್ತವೆ. ಮತ್ತೆ ಕೆಲವು, ತುತ್ತು ದೊಡ್ಡದಾದರೆ ಅಥವಾ ಮೈ ತಣ್ಣಗಿದ್ದರೆ, ನುಂಗಿದ್ದನ್ನು ಕಾರಿಕೊಳ್ಳುತ್ತವೆ. ಪ್ರತಿಯೊಂದಕ್ಕೂ ಬೇರೆ ಪೆಟ್ಟಿಗೆ, ಬೇರೆ ನೀರು, ಬೇರೆ ಲೆಕ್ಕ ಬೇಕು. ಈ ಹಾವಿನ ಆಯುಸ್ಸಾದರೂ ಅಲ್ಪವಲ್ಲ. ಫಿಲಡೆಲ್ಫಿಯ ಮೃಗಾಲಯದಲ್ಲಿ 1977ರಲ್ಲಿ ತೀರಿಕೊಂಡ ಒಂದು ಬೋವಾ 40 ವರ್ಷಗಳನ್ನು ದಾಟಿತ್ತು. ಒಂದೇ ರಾತ್ರಿ ಮೂವತ್ತು ಮರಿಗಳನ್ನು ಪಡೆದವನು ಮೂವತ್ತು ದೀರ್ಘಾಯುಗಳಿಗೆ ನೆಲೆ ಹುಡುಕಬೇಕಾಗುತ್ತದೆ.

ಬಣ್ಣದ ಲೆಕ್ಕ

ಸಾಕುವವರಲ್ಲಿ ಅನೇಕರು ಬಿಳಿಚು ಬೋವಾಗಳಿಗಾಗಿ ಹಂಬಲಿಸುತ್ತಾರೆ. ಇವುಗಳ ಚರ್ಮದಲ್ಲಿ ಕಪ್ಪು ವರ್ಣದ್ರವ್ಯ ಉತ್ಪತ್ತಿಯಾಗುವುದಿಲ್ಲ. ಮೆಂಡಲನ ನಿಯಮದಂತೆ ಈ ಗುಣ ಅಪ್ರಬಲವಾದುದು. ತಂದೆತಾಯಿಗಳಿಬ್ಬರಿಂದಲೂ ಬಂದಾಗಲೇ ಪ್ರಕಟವಾಗುತ್ತದೆ. ಆದುದರಿಂದ ಎರಡು ಬಿಳಿಚು ಹಾವುಗಳನ್ನು ಕೂಡಿಸಿದರೆ ಮರಿಗಳೆಲ್ಲ ಬಿಳಿಚಾಗಿಯೇ ಹುಟ್ಟಬೇಕಷ್ಟೆ? ಅಮೆರಿಕದಲ್ಲಿ ಎರಡು ಬೇರೆ ಬೇರೆ ವಂಶಗಳ ಬಿಳಿಚು ಬೋವಾಗಳನ್ನು ಕೂಡಿಸಿದಾಗ ಹುಟ್ಟಿದ ಮರಿಗಳಿಗೆಲ್ಲ ಸಾಮಾನ್ಯ ಬಣ್ಣವೇ ಇತ್ತು!

ಇದರ ಕಾರಣ ಸರಳವಾಗಿದೆ. ವರ್ಣದ್ರವ್ಯ ಒಂದೇ ಏಟಿಗೆ ಸಿದ್ಧವಾಗುವುದಿಲ್ಲ. ಬಟ್ಟೆಗೆ ನೂಲುವವನೂ ನೇಯುವವನೂ ಬೇಕಾದಂತೆ, ಅದಕ್ಕೆ ಹಲವು ಜೀನುಗಳ ಕೆಲಸ ಬೇಕು. ಒಂದು ವಂಶದಲ್ಲಿ ನೂಲುವವನಿಲ್ಲ, ಇನ್ನೊಂದರಲ್ಲಿ ನೇಯುವವನಿಲ್ಲ ಎಂದಿಟ್ಟುಕೊಳ್ಳೋಣ. ಮಕ್ಕಳಿಗೆ ಒಂದು ಕಡೆಯಿಂದ ಒಬ್ಬನೂ ಇನ್ನೊಂದು ಕಡೆಯಿಂದ ಮತ್ತೊಬ್ಬನೂ ದೊರೆತು ಬಟ್ಟೆ ಸಿದ್ಧವಾಗುತ್ತದೆ. ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಗುಣಗಳು ಒಳಗೆ ಬೇರೆಯೇ ಆಗಿರಬಹುದೆಂಬ ಪಾಠವನ್ನು ಇದರಿಂದ ಕಲಿಯಬಹುದು.

ತಂದೆಯಿಲ್ಲದ ಮರಿಗಳು

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದು 2010ರಲ್ಲಿ ಬೆಳಕಿಗೆ ಬಂತು. ಅಮೆರಿಕದಲ್ಲಿ ಸಾಕಲಾಗಿದ್ದ ಒಂದು ಹೆಣ್ಣು ಬೋವಾ ಎರಡು ಹೆರಿಗೆಗಳಲ್ಲಿ 22 ಮರಿಗಳನ್ನು ಹಾಕಿತು. ಎಲ್ಲವೂ ಹೆಣ್ಣು, ಎಲ್ಲಕ್ಕೂ ತಾಯಿಯದೇ ಆದ ವಿರಳ ಕಂದುಬಣ್ಣ. ಆ ಬಣ್ಣವೂ ಅಪ್ರಬಲ ಗುಣವೇ. ಪಂಜರದಲ್ಲಿ ಗಂಡುಗಳಿಗೆ ಕೊರತೆಯಿರಲಿಲ್ಲ. ಆದರೂ ವಾರನ್ ಬೂತ್ ಮತ್ತು ಅವರ ಸಂಗಡಿಗರು ಮರಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಿದಾಗ ಯಾವ ಗಂಡಿನ ಅಂಶವೂ ಅದರಲ್ಲಿ ಕಾಣಲಿಲ್ಲ. ಅವು ಅನಿಷೇಕಜನನದಿಂದ, ಎಂದರೆ ತಾಯಿಯೊಬ್ಬಳಿಂದಲೇ, ಹುಟ್ಟಿದವಾಗಿದ್ದವು.

ಹಾವುಗಳಲ್ಲಿ ಕೋಳಿಗಳಂತೆ ಹೆಣ್ಣಿಗೆ Z ಮತ್ತು W ಎಂಬ ಎರಡು ಬಗೆಯ ಲಿಂಗವರ್ಣತಂತುಗಳಿರುತ್ತವೆಯೆಂದು ಆಗ ನಂಬಲಾಗಿತ್ತು. ಹಾಗಿದ್ದರೆ ಈ ಮರಿಗಳಿಗೆ ಎರಡು W ತಂತುಗಳಿರಬೇಕು. ಅಂತಹ ಜೀವಿ ಬದುಕಲಾರದೆಂದು ತಿಳಿಯಲಾಗಿತ್ತು. ಈ ಒಗಟು 2017ರಲ್ಲಿ ಬಿಡಿಸಿತು. ಬೋವಾಗಳಲ್ಲಿ ಮನುಷ್ಯರಂತೆ ಹೆಣ್ಣಿಗೆ ಎರಡು X, ಗಂಡಿಗೆ ಒಂದು X ಒಂದು Y ಎಂಬುದು ಆಗ ತಿಳಿದುಬಂತು. X ತಂತುಗಳನ್ನು ಮಾತ್ರ ಹೊಂದಿರುವ ತಾಯಿ ಒಬ್ಬಳೇ ಹಡೆದರೆ ಹೆಣ್ಣು ಮಕ್ಕಳಲ್ಲದೆ ಇನ್ನಾರು ಹುಟ್ಟಬೇಕು? ಹವ್ಯಾಸಿಯ ಪಂಜರದಲ್ಲಿ ಕಂಡ ಆಶ್ಚರ್ಯವೊಂದು ಹಾವುಗಳ ವಿಷಯದಲ್ಲಿ ಬಹುಕಾಲ ನಡೆದುಬಂದ ನಂಬಿಕೆಯನ್ನು ತಿದ್ದಲು ನೆರವಾಯಿತು.

ಕಾಣದ ಶತ್ರು

ಸಾಕಣೆಯ ಅತ್ಯಂತ ದೊಡ್ಡ ಪೆಟ್ಟು ರೋಗದಿಂದ ಬಂದಿದೆ. 1970ರ ದಶಕದಿಂದ ಬೋವಾ ಮತ್ತು ಹೆಬ್ಬಾವುಗಳಲ್ಲಿ ಒಂದು ಮಾರಕ ವ್ಯಾಧಿ ಕಾಣಿಸಿಕೊಂಡಿತು. ಹಾವು ತಿಂದುದನ್ನು ಕಾರುತ್ತದೆ, ತಲೆಯನ್ನು ನೆಟ್ಟಗೆ ಹಿಡಿಯಲಾರದೆ ಆಕಾಶವನ್ನೇ ದಿಟ್ಟಿಸಿದಂತೆ ಹೊರಳಿಸುತ್ತದೆ, ಕೊನೆಗೆ ಸಾಯುತ್ತದೆ. ಅದರ ಜೀವಕೋಶಗಳಲ್ಲಿ ವಿಚಿತ್ರ ಉಂಡೆಗಳು ಕಾಣುತ್ತಿದ್ದವು. ಕಾರಣ ಮಾತ್ರ ದಶಕಗಳವರೆಗೆ ತಿಳಿಯಲಿಲ್ಲ. 2012ರಲ್ಲಿ ಕ್ಯಾಲಿಫೋರ್ನಿಯದ ವಿಜ್ಞಾನಿಗಳು ರೋಗಪೀಡಿತ ಹಾವುಗಳಲ್ಲಿ ಅರೀನಾ ಎಂಬ ವರ್ಗದ ವೈರಸ್‌ಗಳನ್ನು ಪತ್ತೆಹಚ್ಚಿದರು. ಅಲ್ಲಿಯವರೆಗೆ ಆ ವರ್ಗ ಸಸ್ತನಿಗಳಲ್ಲಿ ಮಾತ್ರ ಇದೆಯೆಂದು ತಿಳಿಯಲಾಗಿತ್ತು.

ಹೆಬ್ಬಾವು ಈ ರೋಗಕ್ಕೆ ಬೇಗ ಬಲಿಯಾಗುತ್ತದೆ. ಬೋವಾ ಹಾಗಲ್ಲ, ವರ್ಷಗಟ್ಟಲೆ ಆರೋಗ್ಯವಾಗಿಯೇ ಕಾಣುತ್ತ ವೈರಸ್ಸನ್ನು ಒಳಗೆ ಹೊತ್ತಿರಬಲ್ಲದು. ತಂದೆತಾಯಿಗಳಿಂದ ಮರಿಗಳಿಗೂ ಇದು ಸಾಗುತ್ತದೆಂಬುದು 2017ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂತು. ಮರಿಗಳನ್ನು ಕಾಪಾಡುವ ಒಡಲೇ ಅವುಗಳಿಗೆ ರೋಗವನ್ನೂ ಹಂಚಬಹುದು! ಇದಕ್ಕೆ ಔಷಧವಿಲ್ಲ. ಹೊಸ ಹಾವನ್ನು ಬಹುದಿನ ಪ್ರತ್ಯೇಕವಾಗಿಟ್ಟು, ಅದರ ರಕ್ತವನ್ನು ಪರೀಕ್ಷಿಸಿ, ಶಂಕೆಯಿದ್ದರೆ ಸಂತಾನಕ್ಕೆ ಬಿಡದಿರುವುದೊಂದೇ ಮಾರ್ಗ. ಬಹುಬೆಲೆಯ ಬಣ್ಣದ ಹಾವನ್ನು ಹೀಗೆ ಕೈಬಿಡಲು ಮನಸ್ಸು ಗಟ್ಟಿಯಿರಬೇಕು.

ಹೆಚ್ಚಳದ ಹೊರೆ

ಸಂತಾನ ಕೈಗೂಡದಿರುವುದು ಒಂದು ಕಷ್ಟವಾದರೆ, ಅದು ಕೈಮೀರುವುದು ಇನ್ನೊಂದು ಕಷ್ಟ. ಮೆಕ್ಸಿಕೋದ ಕೊಸುಮೆಲ್ ದ್ವೀಪಕ್ಕೆ 1971ರಲ್ಲಿ ಬೋವಾಗಳು ಮನುಷ್ಯನಿಂದ ಬಂದು ಸೇರಿದವು. ಕೆರಿಬ್ಬಿಯನ್ ಸಮುದ್ರದ ಅರೂಬಾ ದ್ವೀಪದಲ್ಲಿ ಅವು 1999ರಲ್ಲಿ ಮೊದಲು ಕಂಡವು. ಎರಡು ಕಡೆಗಳಲ್ಲಿಯೂ ಅವು ಬೇರೂರಿ, ಅಲ್ಲಿನ ಹಕ್ಕಿ, ಹಲ್ಲಿ, ಸಣ್ಣ ಪ್ರಾಣಿಗಳನ್ನು ತಿಂದು ಬೆಳೆದವು. ಹತ್ತಾರು ಮರಿಗಳನ್ನು ಹೊತ್ತ ಒಂದೇ ಗರ್ಭಿಣಿ ತಪ್ಪಿಸಿಕೊಂಡರೂ ಹೊಸ ವಸಾಹತಿಗೆ ಬೀಜ ಬಿದ್ದಂತೆಯೇ.

ಇನ್ನೊಂದು ಕಡೆ, ಹಾಂಡುರಸ್ ದೇಶದ ಕಾಯೋಸ್ ಕೊಚೀನೋಸ್ ಎಂಬ ಚಿಕ್ಕ ದ್ವೀಪಗಳಲ್ಲಿ ಗಿಡ್ಡ ಜಾತಿಯ ಬೋವಾಗಳಿವೆ. ತೆಳುಬಣ್ಣದ, ಸಾಧುಸ್ವಭಾವದ ಈ ಹಾವುಗಳನ್ನು ವ್ಯಾಪಾರಿಗಳು 1980ರ ದಶಕದಲ್ಲಿ ಗುಂಪುಗುಂಪಾಗಿ ಹಿಡಿದು ಸಾಗಿಸಿದುದರಿಂದ ಅಲ್ಲಿ ಅವುಗಳ ಸಂಖ್ಯೆ ತೀರ ಕುಗ್ಗಿತು. ಮುಂದೆ ದ್ವೀಪಗಳಿಗೆ ರಕ್ಷಣೆ ದೊರೆಯಿತು. ಪಂಜರದಲ್ಲಿಯೇ ಅವು ಮರಿಹಾಕತೊಡಗಿದ ಬಳಿಕ ಕಾಡಿನ ಹಾವನ್ನೇ ಹಿಡಿದು ತರಬೇಕಾದ ಅವಶ್ಯಕತೆಯೂ ತಗ್ಗಿತು. ಸಾಕಣೆಯಿಂದ ಕಾಡಿಗೆ ಉಪಕಾರವೂ ಆಗಬಹುದೆಂಬುದಕ್ಕೆ ಇದು ನಿದರ್ಶನ.

ಬೋವಾದ ಸಂತಾನದಲ್ಲಿ ಮನುಷ್ಯನು ಮಾಡಬಹುದಾದುದು ಸ್ವಲ್ಪವೇ. ತಕ್ಕ ಉಷ್ಣಮಾನ, ಮಿತವಾದ ಆಹಾರ, ರೋಗಪರೀಕ್ಷೆ, ಹೆಣ್ಣಿಗೆ ಬಿಡುವು, ಹುಟ್ಟುವ ಪ್ರತಿಯೊಂದು ಮರಿಗೂ ಮುಂಚಿತವಾಗಿ ಯೋಚಿಸಿದ ನೆಲೆ, ಇಷ್ಟೇ ಅವನ ಕೈಯಲ್ಲಿರುವುದು. ಉಳಿದುದೆಲ್ಲ ತಾಯಿಯ ಒಡಲಿನ ಮರೆಯಲ್ಲಿ ನಡೆಯುತ್ತದೆ. ತನ್ನ ಪಾಲಿನ ಕೆಲಸವನ್ನು ಕೊನೆಯವರೆಗೂ ಮಾಡಲಾರದವನು ಗಂಡುಹೆಣ್ಣುಗಳನ್ನು ಒಂದೇ ಪಂಜರದಲ್ಲಿ ಕೂಡಿಸದಿರುವುದೇ ಒಳ್ಳೆಯದು.