ಮುಧೋಳದ ಬೇಟೆನಾಯಿ: ಸ್ವಭಾವ ಮತ್ತು ಪಾಲನೆ

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನಡುವಣ ಬಯಲು ಸೀಮೆಗೆ ಕೀರ್ತಿ ತಂದ ಪ್ರಾಣಿಗಳಲ್ಲಿ ಮುಧೋಳದ ನಾಯಿಯು ಮುಖ್ಯವಾದುದು. ಇದನ್ನು ಕುರಿ ಕಾಯುವ ನಾಯಿಯೆಂದು ಭಾವಿಸುವವರುಂಟು. ಮನೆ ಕಾಯುವ ನಾಯಿಯೆಂದು ಕೊಳ್ಳುವವರೂ ಉಂಟು. ಇವೆರಡೂ ಪೂರ್ಣ ಸತ್ಯವಲ್ಲ. ಪ್ರಾಣಿಯ ಸ್ವಭಾವವು ಅದು ತಲೆತಲಾಂತರದಿಂದ ಮಾಡಿಕೊಂಡು ಬಂದ ಕೆಲಸದಿಂದ ರೂಪುಗೊಳ್ಳುತ್ತದೆ. ಪಾಲನೆಯು ಆ ಸ್ವಭಾವವನ್ನು ಅನುಸರಿಸಬೇಕು. ಈ ಮಾತನ್ನೇ ಇಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಮಂದೆಯೊಡನೆ ಸಂಬಂಧವುಳ್ಳ ನಾಯಿಗಳಲ್ಲಿ ಎರಡು ಬಗೆಗಳಿವೆ. ಯುರೋಪಿನ ಕೆಲವು ತಳಿಗಳು ಒಡೆಯನ ಸಿಳ್ಳಿಗೆ ತಕ್ಕಂತೆ ಕುರಿಗಳನ್ನು ಸುತ್ತುವರಿದು ತಿರುಗಿಸುತ್ತವೆ. ಅಟ್ಟಿದರೂ ಕೊಲ್ಲದಿರುವ ಸಂಯಮವೇ ಅವುಗಳ ವಿಶೇಷ ಗುಣ. ನಮ್ಮ ಕುರುಬರ ಹಟ್ಟಿಯ ನಾಯಿಯ ಕೆಲಸ ಬೇರೆ. ಕುರಿಗಳನ್ನು ನಡೆಸುವವನು ಕುರುಬನೇ. ರಾತ್ರಿ ತೋಳ ಬಂದಾಗ ಬೊಗಳಿ ಎದುರಿಸುವುದು ನಾಯಿಯ ಕರ್ತವ್ಯ. ಮುಧೋಳದ ನಾಯಿ ಈ ಎರಡೂ ವರ್ಗಗಳಿಗೆ ಸೇರಿದುದಲ್ಲ. ಅದು ಮೂಸಿ ಹುಡುಕುವುದಕ್ಕಿಂತ ಹೆಚ್ಚಾಗಿ ಕಣ್ಣಿನಿಂದ ಕಂಡು, ಓಡಿ, ಹಿಡಿಯುವ ಬೇಟೆನಾಯಿ.

ಕನ್ನಡ ನಾಡಿನಲ್ಲಿ ಬೇಟೆನಾಯಿಯ ಗೌರವ ಪ್ರಾಚೀನವಾದುದು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ. ಶ. ೯೪೯-೫೦ರ ಶಾಸನವೇ ಇದಕ್ಕೆ ಸಾಕ್ಷಿ. ಮಣಲೇರನೆಂಬ ವೀರನು ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ‘ಕಾಳಿ’ ಎಂಬ ನಾಯಿಯನ್ನು ಬೇಡಿ ಪಡೆದನೆಂದೂ, ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯೂ ತಾನೂ ಸತ್ತವೆಂದೂ, ಅದರ ನೆನಪಿಗೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರೆಂದೂ ಅದರಿಂದ ತಿಳಿದುಬರುತ್ತದೆ. ಕಾಳಿಯು ಮುಧೋಳದ ತಳಿಯೆಂದು ಹೇಳಲಾಗದು. ಆದರೆ ಪರ್ಷಿಯಾ, ಅರೇಬಿಯಾಗಳ ನಾಯಿಗಳು ದಖ್ಖನಿನ ಸುಲ್ತಾನರ ಕಾಲದಲ್ಲಿ ಇಲ್ಲಿಗೆ ಬಂದವೆಂಬ ಪ್ರಚಲಿತ ಅಭಿಪ್ರಾಯವನ್ನು ಒಪ್ಪಿದರೂ, ಬೇಟೆನಾಯಿಯನ್ನು ಸಾಕುವ ಸಂಸ್ಕೃತಿ ಅದಕ್ಕೂ ಹಿಂದಿನದೆಂಬುದು ಸ್ಪಷ್ಟ.

ಈ ತಳಿಗೆ ಮುಧೋಳದ ಹೆಸರು ನಿಂತುದು ಅಲ್ಲಿಯ ಘೋರ್ಪಡೆ ಅರಸರಿಂದ. ಸ್ಥಳೀಯ ಬೇಟೆಗಾರರ ಬಳಿ ಇದ್ದ ನಾಯಿಗಳನ್ನು ಮಾಲೋಜಿರಾವ್ ಘೋರ್ಪಡೆಯವರು ಪೋಷಿಸಿದರೆಂದೂ, ಒಂದು ಜೋಡಿಯನ್ನು ಐದನೆಯ ಜಾರ್ಜ್ ದೊರೆಗೆ ಕಾಣಿಕೆಯಾಗಿತ್ತರೆಂದೂ ಹೇಳುತ್ತಾರೆ. ಇದು ನಡೆದುದು ೧೯೩೭ರಲ್ಲಿ ಎಂದು ಕೆಲವರು ಬರೆದಿರುವುದುಂಟು. ಆ ದೊರೆಯು ೧೯೩೬ರ ಜನವರಿಯಲ್ಲಿಯೇ ತೀರಿಕೊಂಡುದರಿಂದ ಈ ವರ್ಷ ಸಲ್ಲದು. ಪ್ರಿಯವಾದ ಕಥೆಯನ್ನೂ ಕಾಲಗಣನೆಯ ಒರೆಗೆ ಹಚ್ಚಬೇಕೆಂಬುದಕ್ಕೆ ಇದು ವಿದ್ಯಾರ್ಥಿಗಳಿಗೆ ಒಳ್ಳೆಯ ನಿದರ್ಶನ.

ಗಂಡುನಾಯಿಯ ಎತ್ತರ ಸುಮಾರು ೭೦ ಸೆಂಟಿಮೀಟರ್. ಹೆಣ್ಣು ತುಸು ಗಿಡ್ಡ. ಉದ್ದನೆಯ ಮೂತಿ, ಆಳವಾದ ಎದೆ, ಒಳಸರಿದ ಹೊಟ್ಟೆ, ನೀಳವಾದ ಕಾಲುಗಳು ಇದರ ಲಕ್ಷಣಗಳು. ಸ್ವಭಾವದಲ್ಲಿ ಇದು ಗಂಭೀರ, ಮನೆಯವರಿಗೆ ನಿಷ್ಠ. ಅಪರಿಚಿತರು ಮೈದಡವುವುದನ್ನು ಸಹಿಸದು. ಗದರಿಕೆ, ಹೊಡೆತಗಳಿಂದ ಇದು ಕಲಿಯುವುದಿಲ್ಲ, ಅಂಜುತ್ತದೆ. ಓಡುವ ಸಣ್ಣ ಪ್ರಾಣಿಯನ್ನು ಕಂಡರೆ ಬೆನ್ನಟ್ಟುವುದು ಇದರ ರಕ್ತಗುಣವಾದುದರಿಂದ, ಮರಿಯಿದ್ದಾಗಿನಿಂದಲೇ ಕುರಿ ಕೋಳಿಗಳ ನಡುವೆ ಬೆಳೆಸಬೇಕು. ಬೆಳೆಸಿದ ಮೇಲೂ ಕಣ್ಣಿಟ್ಟಿರಬೇಕು.

ಪಾಲನೆಯಲ್ಲಿ ಮೊದಲನೆಯದು ಓಟ. ದಿನಕ್ಕೆ ಎರಡು ಬಾರಿಯಾದರೂ ತೆರಪಿನ ಜಾಗದಲ್ಲಿ ಓಡಾಡಿಸಬೇಕು. ಸದಾ ಸರಪಳಿಯಲ್ಲಿ ಕಟ್ಟಿದ ನಾಯಿ ಕೆರಳುತ್ತದೆ. ಬಿಸಿಲೇರಿದ ಮೇಲೆ ಓಡಿಸಬಾರದು. ಉಂಡ ಕೂಡಲೇ ಓಡಿಸಿದರೆ ಆಳ ಎದೆಯ ನಾಯಿಗಳಿಗೆ ಹೊಟ್ಟೆಯುಬ್ಬರದ ಅಪಾಯವುಂಟು. ಹಳ್ಳಿಯಲ್ಲಿ ಜೋಳ, ಗೋಧಿ, ಹಾಲುಗಳೇ ಇದರ ಆಹಾರ. ಮೊಟ್ಟೆ ಅಥವಾ ಮಾಂಸ ಕೂಡಿದರೆ ಉತ್ತಮ. ಪಕ್ಕೆಲುಬು ತುಸು ಕಾಣುವುದು ಈ ತಳಿಗೆ ಸಹಜ. ಅದನ್ನು ಹಸಿವೆಯೆಂದು ಬಗೆದು ಅತಿಯಾಗಿ ತಿನ್ನಿಸಬಾರದು. ಕೊಬ್ಬು, ಕೂದಲು ಎರಡೂ ಕಡಿಮೆಯಿರುವುದರಿಂದ ಚಳಿಗಾಲದಲ್ಲಿ ಬೆಚ್ಚನೆಯ ಹಾಸು ಬೇಕು. ಮೂರು ತಿಂಗಳಾದ ಮೇಲೆ ಹುಚ್ಚುನಾಯಿರೋಗದ ಲಸಿಕೆ ಹಾಕಿಸಿ, ವೈದ್ಯರ ಸೂಚನೆಯಂತೆ ಮುಂದುವರಿಸಬೇಕು.

ಆದರೆ ಇಂದು ಈ ನಾಯಿಯ ಕೆಲಸವೇ ಇಲ್ಲವಾಗಿದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಬೇಟೆ ಅಪರಾಧವಾಯಿತು, ಅದು ಯುಕ್ತವೇ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣಗೂಡಿಸಿ ದುಡಿದು ೧೯೮೯ರಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ನೀರು ಬಂದಲ್ಲಿ ಕಬ್ಬು ಬೆಳೆಯಿತು. ಅದು ರೈತನ ಬಾಳನ್ನು ಹಸನುಗೊಳಿಸಿದುದು ನಿಜ. ಆದರೆ ಆಳೆತ್ತರದ ಕಬ್ಬಿನಲ್ಲಿ ಕಣ್ಣನ್ನು ನಂಬಿದ ನಾಯಿಗೆ ಬಯಲೆಲ್ಲಿ? ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾನಿಲಯದ ಶ್ವಾನ ಸಂಶೋಧನಾ ಕೇಂದ್ರವು ತಳಿಯ ಶುದ್ಧಿಗಾಗಿ ಶ್ರಮಿಸುತ್ತಿದೆ. ೨೦೦೫ರಲ್ಲಿ ಅಂಚೆ ಇಲಾಖೆ ಇದರ ಚಿತ್ರವುಳ್ಳ ಅಂಚೆಚೀಟಿ ತಂದಿತು. ೨೦೧೬ರಲ್ಲಿ ಸೈನ್ಯವು ಮರಿಗಳನ್ನು ಮೀರತ್ತಿಗೆ ಒಯ್ದು ತರಬೇತಿಗೆ ತೊಡಗಿತು. ಇವು ಸಂತೋಷದ ಸಂಗತಿಗಳು. ಆದರೆ ಕೀರ್ತಿಯನ್ನು ಕೇಳಿ ನಗರದ ಇಕ್ಕಟ್ಟಾದ ಮನೆಗೆ ಒಯ್ದು ಕಟ್ಟಿಹಾಕಿದರೆ ತಳಿ ಉಳಿದೀತು, ಗುಣ ಉಳಿಯಲಾರದು. ಓಡಲು ನೆಲವಿಲ್ಲದವರು ಈ ನಾಯಿಯನ್ನು ಸಾಕದಿರುವುದೂ ಅದರ ರಕ್ಷಣೆಯ ಒಂದು ಭಾಗವೆಂದೇ ನಮ್ಮ ಅಭಿಪ್ರಾಯ.