ಕಾಗದ ಬಿಟ್ಟು ತಾಮ್ರಕ್ಕೆ ಬಂದ ಪ್ರಿಂಟರ್

ಮನೆಯಲ್ಲೇ ಸರ್ಕಿಟ್ ಬೋರ್ಡ್ ಮಾಡುವವರನ್ನು ಬೆರಳು ನೋಡಿಯೇ ಗುರುತಿಸಬಹುದು. ತಾಮ್ರ ಕರಗಿಸುವ ಫೆರಿಕ್ ಕ್ಲೋರೈಡ್ ತಾಗಿದ ಉಗುರಿನ ಸಂದಿಯಲ್ಲಿ ತುಕ್ಕಿನ ಬಣ್ಣ ದಿನಗಟ್ಟಲೆ ಉಳಿಯುತ್ತದೆ; ಅಂಗಿಗೆ ಬಿದ್ದರಂತೂ ಹೋಗುವ ಮಾತೇ ಇಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಈ ಕೆಲಸಕ್ಕೆ ಬೇಕಾದ ತಾಮ್ರ ಹೊದಿಸಿದ ಹಲಗೆ, ಫೆರಿಕ್ ಕ್ಲೋರೈಡ್, ಕಡ್ಡಿಯಷ್ಟು ಸಣ್ಣ ಡ್ರಿಲ್ ಬಿಟ್ ಎಲ್ಲವೂ ಸಿಗುತ್ತವೆ. ಪ್ರಾಜೆಕ್ಟ್ ಗಡುವು ಹತ್ತಿರವಾದ ಡಿಪ್ಲೊಮಾ, ಎಂಜಿನಿಯರಿಂಗ್ ಹುಡುಗ ಹುಡುಗಿಯರಿಗೆ ಆ ದಾರಿ ಚೆನ್ನಾಗಿ ಗೊತ್ತು.

ಬೋರ್ಡಿನ ಮೂಲ ಉಪಾಯ ಹಳೆಯದು. ವಿಯೆನ್ನಾದಿಂದ ಲಂಡನ್ನಿಗೆ ಬಂದ ಎಂಜಿನಿಯರ್ ಪಾಲ್ ಐಸ್ಲರ್ 1936ರಲ್ಲಿ ವೈರುಗಳ ಗೋಜಲಿನ ಬದಲು ತಾಮ್ರದ ಹಾಳೆಯಲ್ಲೇ ಮೂಡಿದ ದಾರಿಗಳ ಮೇಲೆ ಒಂದು ರೇಡಿಯೊ ಕಟ್ಟಿ ತೋರಿಸಿದರು. ಬೇಕಾದ ಗೆರೆಗಳನ್ನು ಶಾಯಿಯಿಂದ ಮುಚ್ಚುವುದು, ಮುಚ್ಚದೆ ಉಳಿದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸುವುದು, ಇಷ್ಟೇ. ಇಂದಿಗೂ ಹವ್ಯಾಸಿಗಳ ತಲೆನೋವು ಇರುವುದು ಮೊದಲನೆಯ ಹಂತದಲ್ಲಿ: ಆ ಗೆರೆಗಳನ್ನು ತಾಮ್ರದ ಮೇಲೆ ನಿಖರವಾಗಿ ಮೂಡಿಸುವುದು ಹೇಗೆ?

ಬಹಳಷ್ಟು ಜನ ಮಾಡುವುದು ಇಸ್ತ್ರಿಪೆಟ್ಟಿಗೆಯ ವಿಧಾನ. ಲೇಸರ್ ಪ್ರಿಂಟರಿನಲ್ಲಿ ಹೊಳಪು ಕಾಗದದ ಮೇಲೆ ಚಿತ್ರ ತೆಗೆದು, ತಾಮ್ರದ ಮೇಲೆ ಮಗುಚಿ ಒತ್ತಿ, ಟೋನರ್ ಕರಗಿ ಅಂಟಿದ ಮೇಲೆ ಕಾಗದವನ್ನು ನೆನೆಸಿ ಉಜ್ಜಿ ತೆಗೆಯುತ್ತಾರೆ. ಸರಾಗವಾಗಿ ಆದರೆ ಚೆನ್ನ. ಆದರೆ ಒಂದು ಮೂಲೆಯಲ್ಲಿ ಒತ್ತಡ ಕಡಿಮೆಯಾದರೆ ಗೆರೆ ಅಲ್ಲೇ ಕಡಿದುಹೋಗುತ್ತದೆ; ಹೆಚ್ಚಾದರೆ ಅಕ್ಕಪಕ್ಕದ ಗೆರೆಗಳು ಹರಡಿ ಒಂದಾಗುತ್ತವೆ. ನಡುವಿನ ಕಾಗದವೇ ಬೇಡ, ಇಂಕ್‌ಜೆಟ್ ಪ್ರಿಂಟರ್ ನೇರವಾಗಿ ತಾಮ್ರದ ಮೇಲೆ ಬರೆಯಲಿ ಎಂದು ಹೊರಟವರಿಂದ ನಾನಿಲ್ಲಿ ಪರಿಚಯಿಸುತ್ತಿರುವ ಕಸುಬು ಬೆಳೆಯಿತು.

ಎಲ್ಲ ಇಂಕ್‌ಜೆಟ್‌ಗಳೂ ಇದಕ್ಕೆ ಒದಗುವುದಿಲ್ಲ. ಕ್ಯಾನನ್ ಕಂಪನಿಯ ಬಬಲ್‌ಜೆಟ್ ಹುಟ್ಟಿದ್ದು 1977ರಲ್ಲಿ, ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ಬಿಸಿ ಸೋಲ್ಡರಿಂಗ್ ಐರನ್ ಅಕಸ್ಮಾತ್ ತಾಗಿ ಶಾಯಿ ಚಿಮ್ಮಿದಾಗ ಎಂಬುದು ಪ್ರಸಿದ್ಧ ಕಥೆ. ಆ ಜಾತಿಯ ಯಂತ್ರಗಳು ಶಾಯಿಯನ್ನು ಕ್ಷಣಮಾತ್ರ ಕುದಿಸಿ ಚಿಮ್ಮಿಸುತ್ತವೆ, ಹಾಗಾಗಿ ಅವಕ್ಕೆ ಹಾಕಬಹುದಾದ ಶಾಯಿಗೆ ಮಿತಿ ಇದೆ. ಎಪ್ಸನ್ ಪ್ರಿಂಟರುಗಳಲ್ಲಿ ಕುದಿಸುವ ಪ್ರಮೇಯವಿಲ್ಲ. ವಿದ್ಯುತ್ ಹರಿದಾಗ ಪೀಜೊ ಹರಳು ಬಾಗಿ ಶಾಯಿಯನ್ನು ತಳ್ಳುತ್ತದೆ. ಅವರ ಡ್ಯುರಾಬ್ರೈಟ್ ಶಾಯಿಯಲ್ಲಿ ಬಣ್ಣದ ಕಣಗಳಿಗೆ ರಾಳದ ಹೊದಿಕೆಯೂ ಇರುತ್ತದೆ. ಬಿಸಿ ಮಾಡಿದಾಗ ಆ ರಾಳ ತಾಮ್ರವನ್ನು ಕಚ್ಚಿ ಹಿಡಿಯುತ್ತದೆ. ಸಿ84, ಸಿ88ರಂಥ ಹಳೆಯ ಎಪ್ಸನ್ ಮಾದರಿಗಳು ಈ ಕಸುಬಿನವರಿಗೆ ಅಚ್ಚುಮೆಚ್ಚಾದದ್ದು ಇದಕ್ಕೇ.

ನಿಜವಾದ ಕೆಲಸ ಶಾಯಿಯದಲ್ಲ, ಹಾದಿಯದು. ಬೋರ್ಡಿನ ದಪ್ಪ ಸಾಮಾನ್ಯವಾಗಿ 1.6 ಮಿಲಿಮೀಟರ್. ಅದು ಕಾಗದದಂತೆ ಬಾಗದು, ಶಾಯಿ ಚಿಮ್ಮಿಸುವ ಹೆಡ್ಡಿನ ಕೆಳಗಿನ ಸಂದಿಯಲ್ಲಿ ತೂರದು. ಹಾಗಾಗಿ ಪ್ರಿಂಟರಿನ ಹೊರಕವಚ ಬಿಚ್ಚಿ, ಕಾಗದ ಎಳೆಯುವ ಹಿಂಬದಿಯ ಭಾಗವನ್ನು ತೆಗೆದು, ಹೆಡ್ ಓಡಾಡುವ ಲೋಹದ ಚೌಕಟ್ಟನ್ನು ಸ್ಪೇಸರ್ ಕೊಟ್ಟು ಎತ್ತರಿಸುತ್ತಾರೆ. ಬೋರ್ಡು ಈಗ ಒಂದು ಕಡೆಯಿಂದ ನೇರವಾಗಿ ಒಳಹೋಗಿ ಇನ್ನೊಂದು ಕಡೆಯಿಂದ ನೇರವಾಗಿ ಹೊರಬರಬೇಕು. ಹೊರಬರುವಲ್ಲಿರುವ ಹಲ್ಲುಹಲ್ಲಿನ ಪುಟ್ಟ ಚಕ್ರಗಳು ಹಸಿ ಶಾಯಿಯನ್ನು ಗೀರುತ್ತವೆ, ಅವನ್ನೂ ಕಳಚಬೇಕು.

ಹೊಸಬರು ಮರೆಯುವುದು ಹೆಡ್ಡಿನ ತಂಗುದಾಣವನ್ನು. ಮುದ್ರಣ ಮುಗಿದ ಮೇಲೆ ಹೆಡ್ ಬಲತುದಿಗೆ ಹೋಗಿ ರಬ್ಬರಿನ ಮುಚ್ಚಳವೊಂದರ ಮೇಲೆ ಕೂರುತ್ತದೆ. ನಾಜಲ್ಲುಗಳು ಒಣಗದಂತೆ ಕಾಯುವುದು ಆ ಮುಚ್ಚಳವೇ. ಚೌಕಟ್ಟನ್ನು ಎಷ್ಟು ಎತ್ತರಿಸಿದೆವೋ ಅದನ್ನೂ ಅಷ್ಟೇ ಎತ್ತರಿಸದಿದ್ದರೆ ಶಾಯಿ ನಾಜಲ್ಲುಗಳಲ್ಲೇ ಗಟ್ಟಿಯಾಗಿ, ಅಷ್ಟು ಶ್ರಮದ ಯಂತ್ರ ಮೂಲೆ ಸೇರುತ್ತದೆ. ಹೆಡ್ಡಿನ ಹಿಂದೆ ಅಡ್ಡಲಾಗಿ ಕಟ್ಟಿರುವ ಪಾರದರ್ಶಕ ಪಟ್ಟಿಯ ಮೇಲೂ ಗಮನವಿರಲಿ. ಅದರ ಮೇಲಿನ ಕೂದಲೆಳೆಯಂಥ ಗೆರೆಗಳನ್ನು ಎಣಿಸಿಕೊಂಡೇ ಹೆಡ್ ತಾನೆಲ್ಲಿದ್ದೇನೆಂದು ತಿಳಿಯುತ್ತದೆ. ಜಿಡ್ಡಿನ ಬೆರಳು ತಾಗಿದರೆ ಲೆಕ್ಕ ತಪ್ಪೀತು.

ಇನ್ನು ಸೆನ್ಸರ್. ಕಾಗದ ಬಂದಾಗ ಒಂದು ಪುಟ್ಟ ಸನ್ನೆ ಓಲಾಡಿ, ಬೆಳಕಿನ ಕಿರಣಕ್ಕೆ ಅಡ್ಡ ಬರುವುದನ್ನೋ ಬಿಡುವುದನ್ನೋ ಮಾಡುತ್ತದೆ; ಪ್ರಿಂಟರಿಗೆ ಕಾಗದದ ಸುಳಿವು ಸಿಗುವುದು ಹೀಗೆ. ಎತ್ತರ ಬದಲಾದಾಗ ಸನ್ನೆ ಬೋರ್ಡನ್ನು ಮುಟ್ಟುವುದಿಲ್ಲ. ಕೆಲವರು ಸನ್ನೆಗೆ ತುಂಡು ಅಂಟಿಸಿ ಉದ್ದ ಮಾಡುತ್ತಾರೆ. ಇನ್ನು ಕೆಲವರು ತೆಳು ಅಲ್ಯುಮಿನಿಯಂ ತಗಡಿಗೆ ಬೋರ್ಡನ್ನು ಟೇಪಿನಿಂದ ಕೂರಿಸಿ, ತಗಡಿನ ಮುಂದಿನ ಅಂಚು ಸನ್ನೆಗೆ ತಾಗುವಂತೆ ಮಾಡುತ್ತಾರೆ. ಎರಡನೆಯದೇ ಮೇಲು ಎಂದು ನನ್ನ ಅಭಿಪ್ರಾಯ. ಪ್ರತಿ ಸಲವೂ ಮುದ್ರಣ ಒಂದೇ ಜಾಗದಿಂದ ಶುರುವಾಗುವುದರಿಂದ, ಶಾಯಿ ತೆಳುವಾದಲ್ಲಿ ಅದೇ ಚಿತ್ರವನ್ನು ಮೇಲೆ ಇನ್ನೊಮ್ಮೆ ಹೊಡೆಯಬಹುದು, ಎರಡು ಬದಿಯ ಬೋರ್ಡಿಗೂ ಕೈಹಾಕಬಹುದು.

ತಾಮ್ರ ಶಾಯಿಯನ್ನು ಹೀರುವುದಿಲ್ಲ. ಎಣ್ಣೆಯ ಪಸೆ ಇದ್ದರೆ ಹನಿ ಹನಿಯಾಗಿ ಸರಿದುಬಿಡುತ್ತದೆ. ಸ್ಕ್ರಬರಿನಿಂದ ಉಜ್ಜಿ, ಐಸೊಪ್ರೊಪಿಲ್ ಆಲ್ಕೊಹಾಲಿನಲ್ಲಿ ಒರೆಸಿ, ಆಮೇಲೆ ಬರಿಗೈ ತಾಗಿಸದೆ ಒಳಗೆ ಬಿಡಬೇಕು. ಮುದ್ರಿಸಿದ ಬೋರ್ಡನ್ನು ಸುಮಾರು 200 ಡಿಗ್ರಿಯ ಓವನ್ನಿನಲ್ಲಿ ಕೆಲವು ನಿಮಿಷ ಕಾಯಿಸುತ್ತಾರೆ. ಅಡುಗೆಯ ಓವನ್ ಇದಕ್ಕೆ ಸಲ್ಲದು, ಹಳೆಯದೊಂದನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳಬೇಕು.

ಆಮೇಲೆ ಪ್ಲಾಸ್ಟಿಕ್ ಟ್ರೇಯಲ್ಲಿ ಉಗುರುಬೆಚ್ಚಗಿನ ಫೆರಿಕ್ ಕ್ಲೋರೈಡ್. ಕರಗಬೇಕಾದ ತಾಮ್ರದ ದಪ್ಪ ಬರೀ 35 ಮೈಕ್ರಾನ್. ಟ್ರೇ ಅಲುಗಾಡಿಸುತ್ತಿದ್ದರೆ ಮೊದಲು ಅಂಚುಗಳಲ್ಲಿ, ಬಳಿಕ ನಡುವೆ ತಾಮ್ರ ಮಾಯವಾಗಿ ಹಲಗೆಯ ತಿಳಿಹಳದಿ ಕಾಣಿಸಿಕೊಳ್ಳುತ್ತದೆ. ಆಗಲೇ ಎತ್ತಿ ತೊಳೆಯಬೇಕು. ತಡವಾದರೆ ದ್ರಾವಣ ಶಾಯಿಯ ಅಡಿಗೂ ನುಗ್ಗಿ ಗೆರೆಗಳನ್ನು ಸವೆಸುತ್ತದೆ.

ಉಳಿದ ದ್ರಾವಣವನ್ನು ಮೋರಿಗೆ ಸುರಿಯುವ ರೂಢಿ ಕೂಡದು. ಅದರಲ್ಲಿ ಕರಗಿರುವ ತಾಮ್ರ ನೀರಿನ ಜೀವಿಗಳಿಗೆ ವಿಷ. ವಾಷಿಂಗ್ ಸೋಡಾವನ್ನು ಸ್ವಲ್ಪಸ್ವಲ್ಪವೇ ಬೆರೆಸಿದರೆ ನೊರೆಯುಕ್ಕಿ, ಲೋಹಗಳು ಗಸಿಯಾಗಿ ತಳಕ್ಕಿಳಿಯುತ್ತವೆ. ಆ ಗಸಿಯನ್ನು ಒಣಗಿಸಿ ಅಪಾಯಕಾರಿ ತ್ಯಾಜ್ಯದ ಜೊತೆ ಕೊಡಬೇಕು.

ಇಂದು ಚಿತ್ರದ ಫೈಲ್ ಕಳಿಸಿದರೆ ಚೀನಾದ ಕಾರ್ಖಾನೆಗಳು ಅಗ್ಗದಲ್ಲಿ ಹಸಿರು ಬಣ್ಣದ ಅಚ್ಚುಕಟ್ಟು ಬೋರ್ಡು ಮಾಡಿ ಕಳಿಸುತ್ತವೆ. ರಂಧ್ರದೊಳಗೆ ತಾಮ್ರ ಲೇಪಿಸಿ ಎರಡು ಬದಿ ಜೋಡಿಸುವುದು ಮನೆಯಲ್ಲಿ ಸುಲಭವೂ ಅಲ್ಲ. ಆದರೆ ಬೆಳಿಗ್ಗೆ ಬಿಡಿಸಿದ ಸರ್ಕಿಟ್ ಸಂಜೆಗೆ ಕೆಲಸ ಮಾಡುತ್ತದೋ ಇಲ್ಲವೋ ನೋಡಿ, ತಪ್ಪಿದ್ದರೆ ಅಂದೇ ತಿದ್ದಿ ಇನ್ನೊಂದು ತೆಗೆಯುವವರಿಗೆ ಕೊರಿಯರ್ ಕಾಯುವ ವ್ಯವಧಾನವಿರುವುದಿಲ್ಲ. ಕಲಿಯುವವರಿಗೆ ಆ ವೇಗವೇ ದೊಡ್ಡ ಲಾಭ. ನಮ್ಮ ಪಾಲಿಟೆಕ್ನಿಕ್‌ಗಳ ಪ್ರಯೋಗಶಾಲೆಗಳಲ್ಲಿ ಇಂಥದ್ದೊಂದು ಯಂತ್ರ ಇರಲೇಬೇಕೆಂದು ನನ್ನ ಆಸೆ.

ಶುರುಮಾಡುವವರು ಗುಜರಿ ಅಂಗಡಿಯ ಪೀಜೊ ಪ್ರಿಂಟರ್ ಕೊಳ್ಳುವ ಮುನ್ನ ಪ್ಲಗ್ ಹಾಕಿಸಿ ನಾಜಲ್ ಚೆಕ್ ಪುಟ ತೆಗೆಸಿ ನೋಡಲಿ. ಗೆರೆಗಳು ಅಲ್ಲಲ್ಲಿ ಕಡಿದಿದ್ದರೆ ಹೆಡ್ ಕಟ್ಟಿಕೊಂಡಿದೆ ಎಂದರ್ಥ. ಶುಚಿಗೊಳಿಸಿದ ಮೇಲೂ ಹಾಗೇ ಬಂದರೆ ಅದನ್ನು ಬಿಟ್ಟು ಪಕ್ಕದ್ದನ್ನು ನೋಡುವುದು ಒಳ್ಳೆಯದು.