ಉತಾರದಲ್ಲಿ ಇಲ್ಲದ ಹೆಸರು

ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಏನು ಅಡಿಗೆ? ಅನ್ನ-ಸಾರು ಮಾಡಿದ್ದರೆ ಅಕ್ಕಿ ಹಾನಗಲ್ಲ ಸೀಮೆಯದಾಗಿದ್ದೀತು. ಸಾರಿಗೆ ಬಂದ ಕೆಂಪು ಬಣ್ಣ ಬ್ಯಾಡಗಿ ಪೇಟೆಯ ಮೆಣಸಿನಕಾಯಿಯದು. ಮಕ್ಕಳಿಗೆ ಮೊಟ್ಟೆ ಬೇಯಿಸಿದ್ದರೆ, ಆ ಕೋಳಿ ತಿಂದ ಗೋವಿನಜೋಳ ಶಿಗ್ಗಾವಿಯದೋ ಹಿರೇಕೆರೂರಿನದೋ ಇರಬಹುದು. ಊಟವಾದ ಮೇಲೆ ಯಜಮಾನರು ಸುಣ್ಣ ಹಚ್ಚಿ ಮಡಿಸಿದ ಎಲೆ ಸವಣೂರಿನದಾದರಂತೂ ಕೇಳುವುದೇ ಬೇಡ!

ಇಷ್ಟನ್ನೂ ಬೆಳೆದವರು ಯಾರು ಎಂದರೆ ನಾವು ಥಟ್ಟನೆ ಹೇಳುವುದು ‘ರೈತ’ ಎಂದು. ಕಣ್ಣ ಮುಂದೆ ಬರುವ ಚಿತ್ರವೂ ಒಂದೇ: ತಲೆಗೆ ರುಮಾಲು, ಕೈಯಲ್ಲಿ ಬಾರುಕೋಲು, ಮುಂದೆ ಜೋಡೆತ್ತು. ಹಾನಗಲ್ಲ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಹುಬ್ಬಳ್ಳಿಗೆ ಮದುವೆಯಾಗಿ ಬಂದು ಇಪ್ಪತ್ತೆಂಟು ವರ್ಷ ಕಳೆದ ನಾನೂ ಅದೇ ಚಿತ್ರವನ್ನು ನಂಬಿಕೊಂಡಿದ್ದವಳೇ. ಅದು ಅರ್ಧ ಸುಳ್ಳೆಂದು ನನಗೆ ತಿಳಿಸಿಕೊಟ್ಟವರು ನನ್ನ ಅತ್ತಿಗೆ; ಅದೂ ಒಂದು ಸೀಗಿ ಹುಣ್ಣಿವೆಯ ದಿನ, ಹೊಲದಲ್ಲಿ.

ಸೀಗಿ ಹುಣ್ಣಿವೆಯ ಸಂಭ್ರಮ ನೋಡದವರಿಗೆ ಒಂದು ಮಾತು ಹೇಳಬೇಕು. ಪೈರು ತುಂಬಿ ನಿಂತ ಭೂಮಿತಾಯಿ ಬಸಿರಿ ಎಂಬುದು ನಮ್ಮ ಕಡೆಯವರ ನಂಬಿಕೆ. ಬಸಿರಿಗೆ ಬಯಕೆಯ ಊಟ ಬೇಡವೇ? ಅದಕ್ಕಾಗಿ ಹಿಂದಿನ ರಾತ್ರಿಯಿಂದಲೇ ಒಲೆ ಆರುವುದಿಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಕಡುಬು, ಕರ್ಚಿಕಾಯಿ, ಮೊಸರನ್ನ ಎಲ್ಲವನ್ನೂ ಬುಟ್ಟಿಗೆ ತುಂಬಿ ಚಕ್ಕಡಿ ಕಟ್ಟಿಕೊಂಡು (ಈಗ ಟ್ರ್ಯಾಕ್ಟರಿನಲ್ಲಿ) ಹೊಲಕ್ಕೆ ಹೋಗಿ, ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಆಮೇಲೆ ಮನೆಮಂದಿಯೆಲ್ಲ ಸಾಲಾಗಿ ಕುಳಿತು ಉಣ್ಣುವುದು. ನನ್ನ ಅವ್ವ ಎಂಬತ್ತು ದಾಟಿದರೂ ಆ ದಿನ ಹೊಲಕ್ಕೆ ಬರದೆ ಬಿಡುವುದಿಲ್ಲ.

ಊಟವಾಗಿ ಬದುವಿನ ಮೇಲೆ ಕುಳಿತಿದ್ದೆವು. ನಾನು ಪಟ್ಟಣದವಳ ಗತ್ತಿನಲ್ಲಿ, “ಏನೇ ಅನ್ರಿ ಅತ್ತಿಗಿ, ರೈತರೇ ದೇಶದ ಬೆನ್ನೆಲುಬು” ಎಂದೆ. ಅತ್ತಿಗೆ ರೊಟ್ಟಿ ಕಟ್ಟಿದ ಅರಿವೆ ಝಾಡಿಸುತ್ತ, “ರೈತರೇನೋ ಖರೆ ತಂಗೀ. ಆದ್ರ ನಾ ರೈತಳು ಅಲ್ಲಂತ. ಕಾಗದದಾಗ ಹಂಗ ಐತೆಂತ” ಎಂದರು. ಸಿಟ್ಟಿಲ್ಲ, ಅಳುವಿಲ್ಲ, ಪೇಟೆಯಲ್ಲಿ ಸಕ್ಕರೆ ಇಲ್ಲವಂತೆ ಎಂದು ಹೇಳಿದ ಹಾಗೆ ಹೇಳಿದರು.

ನಡೆದದ್ದು ಇಷ್ಟು. ಅಪ್ಪ ತೀರಿ ಹನ್ನೆರಡು ವರ್ಷವಾಗಿತ್ತು, ಅಣ್ಣ ತೀರಿ ಮೂರು. ನಾಲ್ಕೆಕರೆ ಹೊಲ ಮಾತ್ರ ಅಪ್ಪನ ಹೆಸರಿನಲ್ಲೇ ಉಳಿದಿತ್ತು. ಅಣ್ಣ ಇದ್ದಾಗ ‘ನಾಳೆ ಮಾಡಿಸಿದರಾಯಿತು’ ಎಂದ. ನಾವೂ ಹೂಂ ಎಂದೆವು. ಅವನು ಹೋದ ಮೇಲೆ ಬಿತ್ತಿದವರು, ಕಸ ತೆಗೆದವರು, ಗೊಬ್ಬರಕ್ಕೆ ಪಾಳಿ ಹಚ್ಚಿದವರು ಅತ್ತಿಗೆ. ಅತಿವೃಷ್ಟಿಗೆ ಜೋಳ ಕೊಳೆತ ವರ್ಷ ಪರಿಹಾರ ಕೇಳಲು ಹೋದರೆ ಕಚೇರಿಯಲ್ಲಿ, “ಉತಾರದಾಗ ನಿಮ್ಮ ಹೆಸರೇ ಇಲ್ಲಲ್ಲವಾ” ಎಂದರಂತೆ. ಅವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಿಸಾನ್ ಸಮ್ಮಾನ ಯೋಜನೆಯ ವರ್ಷದ 6,000 ರೂಪಾಯಿ ಕೂಡ 2019ರಿಂದ ಈ ಹೊಲದ ಪಾಲಿಗೆ ಬಂದಿರಲಿಲ್ಲ. ಸತ್ತವರ ಹೆಸರಿಗೆ ಸರಕಾರ ಹಣ ಕೊಡುವುದಾದರೂ ಹೇಗೆ?

ಆ ಹೊತ್ತಿಗೆ ನನ್ನ ತುತ್ತು ಗಂಟಲಲ್ಲಿ ನಿಂತಿತು, ಸೋದರಿಯರೇ. ಏಕೆಂದರೆ ಅಪ್ಪನ ವಾರಸುದಾರರಲ್ಲಿ ನಾನೂ ಒಬ್ಬಳು. ಹನ್ನೆರಡು ವರ್ಷ ಸುಮ್ಮನಿದ್ದವರಲ್ಲಿಯೂ ಒಬ್ಬಳು.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಪ್ರತಿ 100 ಹಿಡುವಳಿಗಳಲ್ಲಿ ಹೆಂಗಸರು ನಡೆಸುವವು 14ರಷ್ಟು ಮಾತ್ರ. ಆದರೆ ಜೂನ್ ತಿಂಗಳಲ್ಲಿ ಹಾವೇರಿಯಿಂದ ಹಾನಗಲ್ಲಿಗೆ ಬಸ್ಸಿನಲ್ಲಿ ಹೊರಟು ಕಿಟಕಿಯಾಚೆ ನೋಡಿ. ಕೂರಿಗೆಯ ಹಿಂದೆ ಬೀಜ ಬಿಡುವವರು ಯಾರು? ಬಗ್ಗಿದ ಬೆನ್ನು ಎತ್ತದೆ ಕಸ ತೆಗೆಯುವವರು ಯಾರು? ಕಾಯಿ ಬಿಡಿಸುವವರು, ರಾಶಿ ತೂರುವವರು?

ಹಿರೇಕೆರೂರು-ರಾಣೆಬೆನ್ನೂರು ಸೀಮೆಯ ಬೀಜೋತ್ಪಾದನೆಯ ಹೊಲಗಳನ್ನು ಒಮ್ಮೆ ನೀವು ನೋಡಬೇಕು. ಅಲ್ಲಿ ಹತ್ತಿ ಬೆಳೆಯುವುದು ಅರಳೆಗಾಗಿ ಅಲ್ಲ, ಹೈಬ್ರಿಡ್ ಬೀಜಕ್ಕಾಗಿ. ಸಂಜೆಯ ಹೊತ್ತು, ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಉಗುರಿನಿಂದ ಎಸಳು ಮತ್ತು ಕೇಸರಗಳನ್ನು ಸುತ್ತಲೂ ಬಿಡಿಸಿ ತೆಗೆಯಬೇಕು. ನಡುವಿನ ಎಳೆಗೆ ನೋವಾಗಕೂಡದು. ಆಯಿತೋ, ಕಾಯಿ ಉದುರಿತು. ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂ ತಂದು ಅದರ ಧೂಳನ್ನು ಆ ಎಳೆಗೆ ಮೆತ್ತಗೆ ಸವರಬೇಕು. ಬಿಸಿಲೇರುವ ಮೊದಲೇ ಮುಗಿಯಬೇಕು. ಹೀಗೆ ಒಂದೊಂದು ಹೂವಿಗೆ ಎರಡೆರಡು ಸಲ, ವಾರಗಟ್ಟಲೆ. ಇದಕ್ಕೆ ‘ಕ್ರಾಸಿಂಗ್’ ಎನ್ನುತ್ತಾರೆ, ಮಾಡುವವರು ಹೆಚ್ಚಾಗಿ ಹೆಂಗಸರು ಮತ್ತು ಹುಡುಗಿಯರು. 1972ರಲ್ಲಿ ಧಾರವಾಡದಲ್ಲಿ ವಿಜ್ಞಾನಿ ಕಟರಕಿಯವರು ‘ವರಲಕ್ಷ್ಮಿ’ ಹತ್ತಿಯನ್ನು ರೂಪಿಸಿದ್ದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ. ನೆನೆಯಬೇಕಾದದ್ದೇ. ಆದರೆ ಅಂಥ ಹೈಬ್ರಿಡ್ ಬೀಜ ಚೀಲಗಟ್ಟಲೆ ಆಗುವುದು ಈ ಬೆರಳುಗಳಿಂದ. ನಾವು ಕಸೂತಿ ಹಾಕಿದರೆ ಬಹುಮಾನ ಕೊಡುತ್ತಾರೆ, ಇದಕ್ಕೆ ದಿನಗೂಲಿ!

ಇನ್ನು ಸರಕಾರದ ಮಾತಿಗೆ ಬರೋಣ. ರಾಜಕೀಯ ನಮಗೇಕೆ ಎಂದು ಪುಟ ತಿರುವಬೇಡಿ. ಇದು ಅಡಿಗೆಮನೆಯ ಲೆಕ್ಕವೇ.

ಬೆಂಬಲ ಬೆಲೆ ಎಂಬುದನ್ನು ಕೇಳಿದ್ದೀರಿ. 2025-26ರ ಸಾಲಿಗೆ ಗೋವಿನಜೋಳಕ್ಕೆ ಕೇಂದ್ರ ಸರಕಾರ ಸಾರಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಇದನ್ನು ಶಿಫಾರಸು ಮಾಡುವುದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ. ಬೀಜ, ಗೊಬ್ಬರ, ಆಳಿನ ಪಗಾರ ಎಂದು ಕೈಯಿಂದ ಬಿಚ್ಚಿದ ಖರ್ಚು ‘ಎ-2’. ಮನೆಮಂದಿ ಪಗಾರವಿಲ್ಲದೆ ದುಡಿದದ್ದಕ್ಕೆ ಒಂದು ಬೆಲೆ ಕಟ್ಟಿ ಕೂಡಿಸುವುದು ‘ಎಫ್‌ಎಲ್’. ಸ್ವಂತ ಹೊಲದ ಬಾಡಿಗೆ, ಸ್ವಂತ ಹಣದ ಬಡ್ಡಿಯನ್ನೂ ಸೇರಿಸಿದರೆ ‘ಸಿ-2’. 2004ರಲ್ಲಿ ನೇಮಕವಾದ, ಎಂ. ಎಸ್. ಸ್ವಾಮಿನಾಥನ್ ಅವರ ಅಧ್ಯಕ್ಷತೆಯ ರೈತರ ಆಯೋಗ ಖರ್ಚಿನ ಮೇಲೆ ಅರ್ಧದಷ್ಟು ಹೆಚ್ಚಿಗೆ ಕೊಡಿ ಎಂದಿತ್ತು. ಸರಕಾರ 2018ರಿಂದ ಕೊಡುತ್ತಿದ್ದೇವೆ ಎನ್ನುತ್ತದೆ. ಆದರೆ ಎ-2 ಮತ್ತು ಎಫ್‌ಎಲ್ ಕೂಡಿಸಿದ ಲೆಕ್ಕದ ಮೇಲೆ. ರೈತ ಸಂಘಟನೆಗಳು ಕೇಳುವುದು ಸಿ-2ರ ಮೇಲೆ. ಜಗಳವಿರುವುದು ಇಲ್ಲಿಯೇ.

ಸೋಜಿಗ ನೋಡಿ. ಅತ್ತಿಗೆಯಂಥವರ ದುಡಿಮೆ ದಿಲ್ಲಿಯ ಲೆಕ್ಕದ ಪುಸ್ತಕದಲ್ಲಿ ಎರಡಕ್ಷರವಾಗಿ ಕುಳಿತಿದೆ, ಊರಿನ ಉತಾರದಲ್ಲಿ ಮಾತ್ರ ಇಲ್ಲ.

ಬೆಲೆ ಸಾರಿದರೆ ಸಾಕೇ? ಕೊಳ್ಳುವವರು ಬೇಡವೇ? 2025ರ ನವೆಂಬರಿನಲ್ಲಿ ಪೇಟೆಯಲ್ಲಿ ಗೋವಿನಜೋಳದ ದರ 2,400ಕ್ಕಿಂತ ಬಹಳ ಕೆಳಗೆ ಬಿದ್ದಾಗ, ಸವಣೂರು-ಶಿಗ್ಗಾವಿಗೆ ಹತ್ತಿರದ ಲಕ್ಷ್ಮೇಶ್ವರದಲ್ಲಿ ರೈತರು ಧರಣಿ ಕುಳಿತರು. ಖರೀದಿ ಕೇಂದ್ರ ತೆರೆಯಿರಿ ಎಂಬುದೊಂದೇ ಕೂಗು. ರಾಜ್ಯ ಕೇಂದ್ರದ ಕಡೆ ಬೆರಳು ತೋರಿಸಿತು, ಕೇಂದ್ರ ರಾಜ್ಯದ ಕಡೆ. ಅಷ್ಟರಲ್ಲಿ ಸಾಲದವರು ಬಾಗಿಲಿಗೆ ಬಂದಾಗ ಸಣ್ಣ ರೈತ ಸಿಕ್ಕ ದರಕ್ಕೆ ಚೀಲ ಎತ್ತಿಬಿಡುತ್ತಾನೆ. ಅತ್ತಿಗೆಯೂ ಎತ್ತಿದರು.

ಗೊಬ್ಬರದ ವಿಷಯ ಬಂದರೆ ನಮ್ಮ ಜಿಲ್ಲೆಯವರ ಮಾತು ತಗ್ಗುತ್ತದೆ. 2008ರ ಜೂನ್ 10ರಂದು, ಗೊಬ್ಬರ ಕೊಡಿ ಎಂದು ಬೀದಿಗಿಳಿದ ರೈತರ ಮೇಲೆ ಹಾವೇರಿಯಲ್ಲಿ ಪೊಲೀಸರು ಗುಂಡು ಹಾರಿಸಿ, ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಬಿತ್ತನೆಯ ಹದ ಎರಡು ದಿನ ತಪ್ಪಿದರೆ ಏನಾಗುತ್ತದೆಂದು ತಿಳಿದವರಿಗೆ ಅಂದಿನ ಆತುರವೂ ತಿಳಿದೀತು. 45 ಕಿಲೋ ಯೂರಿಯಾ ಚೀಲ 266 ರೂಪಾಯಿ 50 ಪೈಸೆ, 50 ಕಿಲೋ ಡಿಎಪಿ 1,350. ಯೂರಿಯಾ ಇಷ್ಟು ಅಗ್ಗವಾಗಿ ಸಿಗುವುದರಿಂದ ಜನ ಅದನ್ನೇ ಸುರಿದು ಮಣ್ಣು ಕೆಡಿಸುತ್ತಾರೆ ಎಂಬ ಟೀಕೆಯಲ್ಲಿ ನಿಜವಿದೆ. ಬೆಲೆ ಏರಿಸಿದರೆ ಮೊದಲು ಕೈಬಿಡುವವರು ನಾಲ್ಕೆಕರೆಯವರು ಎಂಬುದರಲ್ಲೂ ನಿಜವಿದೆ. ನನಗಂತೂ, ಹದದ ಹೊತ್ತಿಗೆ ಸರಿಯಾಗಿ ಸರಬರಾಜು ಮಾಡದೆ ಬೆಲೆಯ ಮಾತಾಡುವುದು ಮಜ್ಜಿಗೆ ಇಲ್ಲದೆ ಕಡೆಗೋಲು ಹುಡುಕಿದಂತೆ ಕಾಣುತ್ತದೆ.

ಹೊಲದ ಒಡೆತನದ ವಿಷಯಕ್ಕೆ ನಮ್ಮ ಮನೆಯಲ್ಲೇ ದೊಡ್ಡ ವಾದವಾಯಿತು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ, 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿ, ಗೇಣಿದಾರರು ಏಳನೇ ನಮೂನೆ ತುಂಬಿಕೊಟ್ಟು ಒಡೆಯರಾದರು. ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಆಗ ಮನೆಮಾತು. ಎಷ್ಟೋ ಮನೆಗಳಲ್ಲಿ ದೀಪ ಹಚ್ಚಿದ ಕಾನೂನು ಅದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಉಳುವ‘ವನು’! ನೇಗಿಲು ಹಿಡಿಯದವಳು ನಮೂನೆ ತುಂಬಲಿಲ್ಲ. 2020ರಲ್ಲಿ ಆ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದು, ಕೃಷಿಕರಲ್ಲದವರೂ ಹೊಲ ಕೊಳ್ಳಬಹುದೆಂದು ಮಾಡಿದರು. ನಮ್ಮ ಕಾಕಾ, “ಛಲೋನ ಆತು, ಹೊಲಕ್ಕ ರೇಟ್ ಬರ್ತೈತಿ” ಎನ್ನುತ್ತಾರೆ. ಅವರಿಗೂ ಮಗಳ ಮದುವೆಯ ಸಾಲವಿದೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಅತ್ತಿಗೆ ಕೇಳಿದ್ದು ಒಂದೇ: “ರೇಟ್ ಬಂದ್ರ ಸಹಿ ಮಾಡಾವ್ರು ಯಾರ್ರೀ ಕಾಕಾ? ಹೆಸರಿದ್ದಾವ್ರು. ದುಡದಾವ್ರನ್ನ ಕೇಳ್ತಾರೇನು?” ಕಾಕಾ ಎಲೆಯ ಚಂಚಿ ಬಿಚ್ಚಿದರು, ಉತ್ತರ ಕೊಡಲಿಲ್ಲ.

ಹೆಸರು ಬರಿಸಿಕೊಳ್ಳಲು ಕಾನೂನು ಅಡ್ಡವಿದೆಯೇ? ಇಲ್ಲ. ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾರಿಗಾದರೂ ಬೇಕಾದೀತು. ಹಿಂದೂ ಗಂಡಸು ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಅವನ ತಾಯಿ, ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಮೊದಲ ವರ್ಗದ ವಾರಸುದಾರರು. ಮಗ ಮೊದಲೇ ತೀರಿದ್ದರೆ ಅವನ ವಿಧವೆ, ಅಂದರೆ ಸೊಸೆಯೂ ಮಾವನ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕ 1994ರಲ್ಲೇ, ಮದುವೆಯಾಗದವರಿಗೆ ಮಾತ್ರವಾದರೂ, ಒಪ್ಪಿತ್ತು. 2005ರಲ್ಲಿ ಇಡೀ ದೇಶಕ್ಕೆ, ಮದುವೆಯಾದವರಿಗೂ ಬಂತು. 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನಷ್ಟು ಸ್ಪಷ್ಟಪಡಿಸಿತು. (ಸವಣೂರು ಕಡೆಯ ಮುಸ್ಲಿಂ ಸೋದರಿಯರಿಗೆ ಬೇರೆ ಕಾನೂನು, ವಕೀಲರನ್ನು ಕೇಳಿಯೇ ಮುಂದುವರಿಯಿರಿ.) ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಮಾಡಿಸುವುದಕ್ಕೆ ಪೌತಿ ಖಾತೆ ಎನ್ನುತ್ತಾರೆ. ಮರಣ ಪ್ರಮಾಣಪತ್ರ, ವಂಶಾವಳಿ, ಉತಾರ, ವಾರಸುದಾರರ ಆಧಾರ್ ಕಾರ್ಡು ಹಿಡಿದು ನಾಡಕಚೇರಿಗೆ ಹೋಗಬೇಕು. ಹೆಸರು ಬಂದ ಮೇಲೆಯೇ ಸಂಘದ ಬೆಳೆಸಾಲ, ಬೆಳೆವಿಮೆ ಎಲ್ಲ ಸಲೀಸು. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಗೋವಿನಜೋಳಕ್ಕೆ ರೈತರು ಕಟ್ಟಬೇಕಾದದ್ದು ವಿಮೆಯ ಮೊತ್ತದ ನೂರಕ್ಕೆ 2 ಮಾತ್ರ. ಅದನ್ನೂ ಕಟ್ಟಲಾಗದೆ ಅತ್ತಿಗೆ ಮೂರು ಮಳೆಗಾಲ ಕಳೆದಿದ್ದರು.

ಹಕ್ಕು ನನಗೂ ಇದೆ ಎಂದೆನಲ್ಲ, ಅಲ್ಲಿಂದಲೇ ನನ್ನ ಸಂಕಟ ಶುರುವಾದದ್ದು. ಮಹಿಳಾ ಮಂಡಳದಲ್ಲಿ ‘ಹೆಣ್ಣುಮಕ್ಕಳ ಆಸ್ತಿ ಹಕ್ಕು’ ಎಂದು ಭಾಷಣ ಮಾಡಿದವಳು ನಾನು. ಈಗ ಆ ಹಕ್ಕು ಹಿಡಿದರೆ, ಹೊಲದಲ್ಲಿ ದುಡಿಯುವ ಇನ್ನೊಬ್ಬ ಹೆಣ್ಣುಮಗಳ ಪಾಲು ಸಣ್ಣದಾಗುತ್ತದೆ. ಬಿಟ್ಟರೆ, ‘ಹೆಣ್ಣುಮಕ್ಕಳು ಬಿಟ್ಟುಕೊಡುವವರೇ’ ಎಂಬ ಹಳೆಯ ಮಾತಿಗೆ ನಾನೇ ಸಾಕ್ಷಿ. ನಮ್ಮವರು “ನಿನ್ನ ಇಷ್ಟ” ಎಂದರು. ಗಂಡಸರು ಹಾಗೆನ್ನುವುದು ಒಮ್ಮೊಮ್ಮೆ ಸಹಾಯವಲ್ಲ! ಎರಡು ವಾರ ನಿದ್ದೆಗೆಟ್ಟು ಕೊನೆಗೆ ಅತ್ತಿಗೆಯನ್ನೇ ಕೇಳಿದೆ. “ನಿನ್ನ ಹೆಸರೂ ಇರ್ಲಿ ತಂಗೀ. ನಿಮ್ಮಪ್ಪನ ಹೊಲ. ಸಾಲಕ್ಕ, ವಿಮಾಕ್ಕ ಸಹಿ ಬೇಕಾದಾಗ ತಡಾ ಮಾಡದ ಬಂದ್ರ ಸಾಕು” ಎಂದರು. ಬಿಟ್ಟುಬಿಡು ಎಂದಿದ್ದರೆ ಬಿಡುತ್ತಿದ್ದೆನೋ ಏನೋ. ನಿಮ್ಮ ಮನೆಯಲ್ಲಿ ಏನು ಸರಿಯೋ ನಾನು ಹೇಳಲಾರೆ. ಆದರೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಹೊಲದಲ್ಲಿ ದುಡಿಯುವವಳನ್ನು ಒಂದು ಮಾತು ಕೇಳಿ.

2026ನೇ ಇಸವಿಯನ್ನು ವಿಶ್ವಸಂಸ್ಥೆ ರೈತ ಮಹಿಳೆಯ ಅಂತರರಾಷ್ಟ್ರೀಯ ವರ್ಷ ಎಂದು ಸಾರಿದೆ. ಅತ್ತಿಗೆಗೆ ಹೇಳಿದಾಗ, “ಹೌದ? ಅವರಿಗ್ಯಾರು ಹೇಳಿದ್ರು?” ಎಂದು ನಕ್ಕರು.

ಅರ್ಜಿ ಕೊಟ್ಟೆವು. ಅವ್ವ ಹೆಬ್ಬೆಟ್ಟು ಒತ್ತುವ ಬದಲು ಮೊಮ್ಮಗನಿಂದ ಕಲಿತು ಡೊಂಕು ಡೊಂಕಾಗಿ ಸಹಿ ಮಾಡಿದಳು. ಕೆಲ ದಿನಗಳ ನಂತರ, ತಕರಾರಿದ್ದವರು ತಿಳಿಸಬೇಕೆಂದು ಚಾವಡಿಯಲ್ಲಿ ನೋಟೀಸು ಹಚ್ಚಿದರು. ಅವ್ವ, ಅತ್ತಿಗೆ ಮತ್ತು ಅವರ ಮಗ, ನಾನು — ನಾಲ್ಕು ಹೆಸರು, ಮೂರು ಹೆಂಗಸರವು. ಕಟ್ಟೆಯ ಮೇಲಿದ್ದವರು ಎದ್ದು ಬಂದು ಓದಿದರು. ಅತ್ತಿಗೆ ಎಲ್ಲರ ಹಿಂದೆ ನಿಂತು ತನ್ನ ಹೆಸರನ್ನು ಮೂರು ಸಲ ಓದಿಸಿಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿ, “ಒತ್ತಕ್ಷರ ಬಿಟ್ಟಾರಲ್ಲೋ” ಎಂದರು. ನಿಜ, ಹೆಸರಿನಲ್ಲಿ ಒಂದು ಒತ್ತು ಹಾರಿಹೋಗಿತ್ತು. ಆಧಾರ್ ಕಾರ್ಡಿಗೂ ಇದಕ್ಕೂ ತಾಳೆಯಾಗುವುದಿಲ್ಲ. ತಿದ್ದುಪಡಿಗೆ ಸೋಮವಾರ ಬನ್ನಿ ಎಂದರು ತಲಾಟಿಯವರು.

“ಸೋಮಾರ ಹತ್ತಿ ಬಿಡಸಾಕ ಆಳು ಹೇಳೀನಿ, ಮಂಗಳಾರ ಬರ್ತೀನ್ರೀ” ಎಂದು ಅತ್ತಿಗೆ ಸೆರಗು ಸಿಕ್ಕಿಸಿಕೊಂಡು ಹೊಲದ ದಾರಿ ಹಿಡಿದರು.